ಸರಳಿನ ಮೇಲೆ ನಿಂತ ಕಾರ್ಡು

ಹಳೆಯ ವಿಶ್ವವಿದ್ಯಾಲಯ ಗ್ರಂಥಾಲಯಗಳ ಕಾರ್ಡ್ ಕ್ಯಾಟಲಾಗಿನ ಡ್ರಾಯರ್ ಎಳೆದರೆ ಐದಿಂಚು ಅಗಲ, ಮೂರಿಂಚು ಎತ್ತರದ ಕಾರ್ಡುಗಳು ಸಾಲಾಗಿ ನಿಂತಿರುತ್ತಿದ್ದವು. ಪ್ರತಿ ಕಾರ್ಡಿನ ಬುಡದಲ್ಲೊಂದು ತೂತು, ಎಲ್ಲಕ್ಕೂ ಸೇರಿ ಒಂದೇ ಲೋಹದ ಸರಳು. ಕೆಲಸ ಕಲಿಯುತ್ತಿದ್ದವರು ಹೊಸ ಕಾರ್ಡನ್ನು ಅಕಾರಾದಿಯ ಜಾಗದಲ್ಲಿ ಸರಳಿನ ಮೇಲೆಯೇ ನಿಲ್ಲಿಸಿಡುವುದು ರೂಢಿಯಾಗಿತ್ತು. ಉಳಿದವುಗಳಿಗಿಂತ ತುಸು ಎತ್ತರದಲ್ಲಿ ಅದು ಎದ್ದು ಕಾಣುತ್ತಿತ್ತು. ಹಿರಿಯರು ಜಾಗ ಸರಿಯಿದೆಯೇ ಎಂದು ನೋಡಿದ ಮೇಲೆಯೇ ಸರಳು ಹಿರಿದು ಕಾರ್ಡನ್ನು ಕೆಳಗಿಳಿಸುತ್ತಿದ್ದರು. ಕಾರ್ಡು ತಪ್ಪು ಜಾಗಕ್ಕೆ ಬಿತ್ತೆಂದರೆ ಪುಸ್ತಕ ಕಪಾಟಿನಲ್ಲಿದ್ದೂ ಇಲ್ಲದ ಹಾಗೆ.

ಮೂವತ್ತು ವರ್ಷ ಈ ಕೆಲಸ ಮಾಡಿದವರ ಮುಂದೆ ಕಂಪ್ಯೂಟರ್ ಬಂತು. ಅವರು ಹೆದರಿದರು ಎನ್ನುವುದು ವಾಡಿಕೆಯ ಮಾತು. ಅದು ಪೂರ್ತಿ ನಿಜವಲ್ಲ. ಒಂದೇ ಪುಸ್ತಕಕ್ಕೆ ಲೇಖಕರ ಕಾರ್ಡು, ಶೀರ್ಷಿಕೆಯ ಕಾರ್ಡು, ವಿಷಯದ ಕಾರ್ಡು ಎಂದು ಬೇರೆಬೇರೆಯಾಗಿ ಟೈಪ್ ಮಾಡಿ ಬೆರಳು ಸವೆಸಿದವರಿಗೆ ಒಮ್ಮೆ ತುಂಬಿದರೆ ಸಾಕು ಎನ್ನುವುದಕ್ಕಿಂತ ಖುಷಿ ಬೇರೇನಿದೆ? ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರ ಕೋಲನ್ ವರ್ಗೀಕರಣದಲ್ಲಿ ಪಳಗಿದವರಿಗಂತೂ ಕಂಪ್ಯೂಟರಿಗೆ ಬೇಕಾದಂತೆ ವಿಷಯವನ್ನು ಮುಖಮುಖವಾಗಿ ಬಿಡಿಸುವುದು ಹೊಸದೇನಲ್ಲ. ಆ ಪದ್ಧತಿ ಅಚ್ಚಾದದ್ದು 1933ರಲ್ಲಿ.

ಕಷ್ಟವಾದದ್ದು ನಡುವಿನ ಕಾಲ. ವಿಶ್ವವಿದ್ಯಾಲಯ ಅನುದಾನ ಆಯೋಗ 1991ರಲ್ಲಿ ಗ್ರಂಥಾಲಯಗಳನ್ನು ಜಾಲವಾಗಿ ಬೆಸೆಯುವ ಇನ್‌ಫ್ಲಿಬ್‌ನೆಟ್ ಯೋಜನೆ ಆರಂಭಿಸಿತು. 2000ದಲ್ಲಿ ಅದರ ಗ್ರಂಥಾಲಯ ನಿರ್ವಹಣೆಯ ‘ಸೋಲ್’ ತಂತ್ರಾಂಶ ಬಂತು. ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಬಂದ ಪುಸ್ತಕಗಳನ್ನು ದಾಖಲಿಸುವ ಅಕ್ಸೆಶನ್ ರಿಜಿಸ್ಟರಿನಲ್ಲಿದ್ದ ಹಳೆಯ ಪುಸ್ತಕಗಳನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಏರಿಸಬೇಕು, ಬಾರ್‌ಕೋಡ್ ಅಂಟಿಸಬೇಕು. ಕೌಂಟರಿನಲ್ಲಿ ಮಾತ್ರ ಓದುಗರ ಟಿಕೆಟ್ಟಿನ ಜೇಬಿಗೆ ಬುಕ್ ಕಾರ್ಡ್ ಸಿಕ್ಕಿಸಿ ತಾರೀಖಿನ ಪ್ರಕಾರ ಜೋಡಿಸುವ ಹಳೆಯ ಬ್ರೌನ್ ಪದ್ಧತಿಯೂ ನಿಲ್ಲುವಂತಿಲ್ಲ. ಹೀಗೆ ಎರಡು ಸಂಸಾರ ನಡೆಸಿದ ದಣಿವು ಯಾವ ವಾರ್ಷಿಕ ವರದಿಯಲ್ಲಿ ಬಂದೀತು!

2004ರಲ್ಲಿ ಆಯೋಗದ ಇ-ಜರ್ನಲ್ ಒಕ್ಕೂಟ ಶುರುವಾದ ಮೇಲೆ ಹುದ್ದೆಯ ಸ್ವರೂಪವೇ ಬೇರೆಯಾಯಿತು. ಮೊದಲು ಚಂದಾ ನಿಲ್ಲಿಸಿದರೂ ಬೈಂಡ್ ಮಾಡಿಸಿಟ್ಟ ಸಂಪುಟಗಳು ಗ್ರಂಥಾಲಯದಲ್ಲೇ ಉಳಿಯುತ್ತಿದ್ದವು. ಈಗ ಹಳೆಯ ಸಂಚಿಕೆ ಸಿಗುವುದೋ ಇಲ್ಲವೋ ಎಂಬುದು ಒಪ್ಪಂದದ ಕರಾರಿನ ಮೇಲೆ ನಿಂತಿತು. ಗ್ರಂಥಪಾಲಕರು ಕರಾರು ಓದಲು ಕಲಿಯಬೇಕಾಯಿತು.

ಕನ್ನಡ ಪುಸ್ತಕಗಳ ಪಾಡು ಇನ್ನೊಂದು ಬಗೆಯದು. ಕಾರ್ಡಿನ ಮೇಲೆ ಕನ್ನಡದಲ್ಲೇ ಬರೆಯಬಹುದಿತ್ತು. ಕಂಪ್ಯೂಟರಿನಲ್ಲಿ ಕನ್ನಡ ಲಿಪಿ ಸಲೀಸಾಗುವ ಮೊದಲು ಎಷ್ಟೋ ಕಡೆ ಶೀರ್ಷಿಕೆಗಳನ್ನು ರೋಮನ್ ಅಕ್ಷರದಲ್ಲಿ ತುಂಬಿದರು. ‘ಕಾನೂರು ಹೆಗ್ಗಡತಿ’ಯ ‘ನೂ’ಗೆ ಒಬ್ಬರು ಎರಡು ‘ಓ’ ಒತ್ತಿದರೆ ಇನ್ನೊಬ್ಬರು ಒಂದು ‘ಯು’ ಒತ್ತಿದರು. ಕಂಪ್ಯೂಟರಿಗೆ ಇವೆರಡೂ ಬೇರೆಬೇರೆ ಪುಸ್ತಕ. ಪರದೆ ‘ಇಲ್ಲ’ ಎಂದೊಡನೆ ಹೊಸಬರು ವಿದ್ಯಾರ್ಥಿಯನ್ನು ವಾಪಸು ಕಳಿಸಿಯಾರು. ಹಳಬರು ಇನ್ನೆರಡು ಕಾಗುಣಿತ ಒತ್ತಿ ನೋಡಿ, ಅದಕ್ಕೂ ಸಿಗದಿದ್ದರೆ ಕಪಾಟಿನತ್ತ ತಾವೇ ಎದ್ದು ಹೋಗುತ್ತಾರೆ.