ಒಂದೇ ಬಾಯಿಯ ಬೀದಿಗಳು

ಕಾರವಾರದ ಪೇಟೆ ಬಿಟ್ಟು ಉತ್ತರಕ್ಕೆ ನಡೆದರೆ ಕೋಡಿಬಾಗದಲ್ಲಿ ನೆಲ ಮುಗಿಯುತ್ತದೆ. ಎಡಕ್ಕೆ ಅರಬ್ಬಿ ಸಮುದ್ರ, ಎದುರಿಗೆ ಕಾಳಿ ನದಿ, ಅದರಾಚೆ ಹೆದ್ದಾರಿಗಾಗಿ ಸೀಳಿದ ಸದಾಶಿವಗಡದ ಗುಡ್ಡ. ಇಳಿತದ ಹೊತ್ತಿಗೆ ಅಳಿವೆಯಲ್ಲಿ ಮರಳದಿಬ್ಬ ಮೇಲೇಳುತ್ತದೆ. ಮೊಣಕಾಲುದ್ದದ ನೀರಿನಲ್ಲಿ ಬಗ್ಗಿದವರು ತಿಸ್ರೆ ಚಿಪ್ಪು ಹೆಕ್ಕುತ್ತಾರೆ. ಹೆಂಡ, ಸಿಗರೇಟಿನ ಹರಕೆ ಸ್ವೀಕರಿಸುವ ಖಾಪ್ರಿ ದೇವರ ಗುಡಿ ಇರುವುದೂ ಇಲ್ಲಿಯೇ.

ಹಳೆಯ ಕೇರಿಯೊಳಗೆ ಹೊಕ್ಕರೆ ದಾರಿ ಎಲ್ಲಿಯೂ ನೆಟ್ಟಗಿಲ್ಲ. ಒಂದು ಓಣಿ ಬಾವಿಕಟ್ಟೆಯನ್ನು ಬಳಸಿ ಹೋಗುತ್ತದೆ, ಇನ್ನೊಂದು ತುಳಸಿಕಟ್ಟೆಯ ಪಕ್ಕದಿಂದ ತೆಂಗಿನ ಹಿತ್ತಲಿಗಿಳಿದು ಆಚೆಯ ವಾಡೆಯಲ್ಲಿ ಏಳುತ್ತದೆ. ಹೊಸಬರಿಗೆ ಗೋಜಲು. ಮೀನುಬುಟ್ಟಿ ಹೊತ್ತ ಹೆಂಗಸಿಗೆ ಮಾತ್ರ ಒಂದೊಂದು ತಿರುವೂ ಗೊತ್ತು: ಇಲ್ಲಿ ನುಸುಳಿದರೆ ಅಲ್ಲಿ, ಅಲ್ಲಿಂದ ನಾಲ್ಕು ಮನೆ ದಾಟಿದರೆ ಹೊಳೆ. ಬಂದ ದಾರಿಯಲ್ಲೇ ಮರಳುವ ಪ್ರಮೇಯ ಅವಳಿಗಿಲ್ಲ. ಬಿಸಿಲೇರುವುದರೊಳಗೆ ಬುಟ್ಟಿ ಬರಿದಾಗಬೇಕಲ್ಲ, ಅದಕ್ಕೆ ಈ ಓಣಿಗಳೇ ಆಧಾರ.

ಬೇಲಿಗಳು ಆಗಲೂ ಇದ್ದವು. ಆದರೆ ಬೇಲಿಗೊಂದು ದಣಪೆ ಇರುತ್ತಿತ್ತು: ಎರಡು ಗೂಟ, ಅಡ್ಡಕ್ಕೆ ನಾಲ್ಕು ಬಿದಿರುಗಳ. ದನ ನುಗ್ಗುವಂತಿಲ್ಲ, ಮನುಷ್ಯ ಗಳ ಸರಿಸಿ ದಾಟಿ ಮತ್ತೆ ಹಾಕಿ ಹೋಗಬಹುದು. ಜಾಗ ನನ್ನದು, ದಾರಿ ಎಲ್ಲರದು ಎಂಬ ಒಪ್ಪಂದ ಕಾಗದವಿಲ್ಲದೆ ನಡೆಯುತ್ತಿತ್ತು.

ಈಗ ಹಿತ್ತಲುಗಳು ಒಡೆಯುತ್ತಿವೆ. ಕಾರವಾರ ಬೆಳೆಯಲು ಉಳಿದಿರುವ ಜಾಗವೇ ಕಡಿಮೆ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಗುಡ್ಡ. ದಕ್ಷಿಣಕ್ಕೆ ಬಿಣಗಾ ದಾಟಿದರೆ ಅರಗಾದ ನೌಕಾನೆಲೆ, 2005ರಲ್ಲಿ ಕಾರ್ಯಾರಂಭಿಸಿದ ಐಎನ್‌ಎಸ್ ಕದಂಬ. ಹಾಗಾಗಿ ಮನೆಗಳ ಕಣ್ಣು ಕೋಡಿಬಾಗ, ನಂದನಗದ್ದಾ, ಸುಂಕೇರಿಯತ್ತ. ಅಣ್ಣತಮ್ಮಂದಿರ ಪಾಲಾದ ತೋಟ ಬಿನ್‌ಶೇತ್ಕಿ, ಅಂದರೆ ಕೃಷಿಯೇತರ ಜಮೀನಾಗುತ್ತದೆ, ನಾಲ್ಕು ನಾಲ್ಕು ಗುಂಟೆಯ ನಿವೇಶನವಾಗುತ್ತದೆ. ಮುಖ್ಯರಸ್ತೆಯಿಂದ ಒಂದು ಕಾಂಕ್ರೀಟ್ ದಾರಿ ಒಳಬರುತ್ತದೆ, ಇಕ್ಕೆಲಗಳಲ್ಲಿ ಮನೆಗಳು, ಕೊನೆಗೆ ಚಿರೇಕಲ್ಲಿನ ಪಾಗಾರ. ಪಾಗಾರದಾಚೆಗೂ ಇಂಥದ್ದೇ ಇನ್ನೊಂದು ದಾರಿ ಬಂದು ನಿಂತಿದೆ. ಎರಡರ ನಡುವೆ ಒಂದು ಗೋಡೆಯ ದಪ್ಪವಷ್ಟೇ ಅಂತರ. ಆದರೂ ಆಚೆಮನೆಗೆ ಮದುವೆ ಕರೆಯೋಲೆ ಕೊಡಲು ಹೊರಟವರು ಹೆದ್ದಾರಿವರೆಗೆ ಬಂದು, ಅಂಚಿನಲ್ಲಿ ನಡೆದು, ಮುಂದಿನ ಬಾಯಿಯಿಂದ ಒಳಹೋಗಬೇಕು. ಅಜ್ಜಿ ಹೋಗುವುದನ್ನೇ ಬಿಡುತ್ತಾಳೆ. ಮೊಮ್ಮಗ ಸ್ಕೂಟರ್ ತೆಗೆಯುತ್ತಾನೆ.

ಇದು ಕಾರವಾರವೊಂದರ ಕತೆಯಲ್ಲ. ಕ್ರಿಸ್ಟೋಫರ್ ಬ್ಯಾರಿಂಗ್ಟನ್-ಲೀ ಮತ್ತು ಆಡಮ್ ಮಿಲಾರ್ಡ್-ಬಾಲ್ ಎಂಬ ಸಂಶೋಧಕರು ಜಗತ್ತಿನ ಬೀದಿಗಳ ನಕ್ಷೆಯನ್ನೆಲ್ಲ ಕಂಪ್ಯೂಟರಿನಲ್ಲಿ ಹರಡಿ, ಯಾವ ಬೀದಿ ಯಾವುದಕ್ಕೆ ಕೂಡುತ್ತದೆ, ಯಾವುದು ಕುರುಡಾಗಿ ನಿಲ್ಲುತ್ತದೆ ಎಂದು ಅಳೆದರು. 2020ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, 1975ರಿಂದೀಚೆ ಲೋಕದ ಬಹುಭಾಗದಲ್ಲಿ ಹೊಸ ಬೀದಿಗಳ ಕೂಡುವಿಕೆ ಕಡಿಮೆಯಾಗುತ್ತಲೇ ಬಂದಿದೆ. ಮನೆ ಕೆಡವಿ ಕಟ್ಟಬಹುದು, ಬೀದಿಯ ಗೆರೆ ಮಾತ್ರ ಒಮ್ಮೆ ಬಿದ್ದರೆ ತಲೆಮಾರುಗಟ್ಟಲೆ ಅಳಿಯದು. ಜನ ನಡೆಯುತ್ತಾರೋ ವಾಹನಕ್ಕೆ ಶರಣಾಗುತ್ತಾರೋ ಎಂಬುದು ಆ ಗೆರೆಯಲ್ಲೇ ತೀರ್ಮಾನವಾಗಿಬಿಡುತ್ತದೆ.

ಹೆದ್ದಾರಿಯದು ಇನ್ನೊಂದು ಬಗೆಯ ಕಡಿತ. 17 ಎಂಬ ಹಳೆಯ ಸಂಖ್ಯೆಯಲ್ಲಿದ್ದಾಗ ಅದು ಊರಿನ ರಸ್ತೆಯೂ ಆಗಿತ್ತು. ಈ ಬದಿಯ ಅಂಗಡಿಯವನು ಆ ಬದಿಯವನನ್ನು ಕೂಗಿ ಮಾತಾಡಿಸಬಹುದಿತ್ತು. 66 ಆಗಿ ಚತುಷ್ಪಥವಾದ ಮೇಲೆ ನಡುವೆ ಡಿವೈಡರ್ ಎದ್ದಿತು. ಗೋವೆಗೆ ಹೋಗುವ ಲಾರಿಗೆ ಹತ್ತಿರವಾದ ಊರು ತನಗೆ ತಾನೇ ದೂರವಾಯಿತು.

ದಾರಿಗೆ ಬದಲಿ ದಾರಿ ಇರಬೇಕೆಂಬುದನ್ನು 2024ರ ಆಗಸ್ಟ್ 7ರ ನಡುರಾತ್ರಿ ಕೋಡಿಬಾಗ ಕಣ್ಣಾರೆ ಕಂಡಿತು. ನಾಲ್ಕು ದಶಕ ಹಳೆಯ ಕಾಳಿ ಸೇತುವೆ ಮುರಿದು ಹೊಳೆಗೆ ಬಿತ್ತು, ಜೊತೆಗೆ ಒಂದು ಲಾರಿಯೂ. ಚಾಲಕನನ್ನು ಜೀವಸಹಿತ ಮೇಲೆತ್ತಿದರು. ಪಕ್ಕದಲ್ಲಿ ಚತುಷ್ಪಥಕ್ಕಾಗಿ ಕಟ್ಟಿದ ಹೊಸ ಸೇತುವೆ ಇತ್ತು. ತಪಾಸಣೆಯ ನಂತರ ಎರಡೂ ದಿಕ್ಕಿನ ಸಂಚಾರವನ್ನು ಅದರ ಮೇಲೆಯೇ ಬಿಟ್ಟರು. ಅದೂ ಇಲ್ಲದಿದ್ದರೆ ಸದಾಶಿವಗಡ, ಮಾಜಾಳಿಯವರು ಜಿಲ್ಲಾಕೇಂದ್ರದ ಕಚೇರಿ, ಆಸ್ಪತ್ರೆಗಳಿಗೆ ಒಳನಾಡಿನಿಂದ ಸುತ್ತುಹಾಕಬೇಕಿತ್ತು. ಸೇತುವೆ ಬಿದ್ದರೆ ದೇಶವೇ ನೋಡುತ್ತದೆ. ಓಣಿಯ ಬಾಯಿಗೆ ಪಾಗಾರ ಬಿದ್ದರೆ ಯಾರಿಗೂ ಸುದ್ದಿಯಲ್ಲ, ಆದರೆ ಬೆಂಕಿ ಹೊತ್ತಿದ ದಿನ ಅಗ್ನಿಶಾಮಕದವರಿಗೂ ಒಂದೇ ಬಾಗಿಲು.

ಹಳೆಯ ಕಾಲುದಾರಿಗೆ ಕಾನೂನಿನ ಬಲವೂ ಉಂಟು: 1882ರ ಅನುಭೋಗದ ಹಕ್ಕಿನ ಕಾಯ್ದೆಯಂತೆ, 20 ವರ್ಷ ಎಡೆಬಿಡದೆ, ತಡೆಯಿಲ್ಲದೆ, ಹಕ್ಕೆಂದು ನಡೆದ ದಾರಿಯನ್ನು ಕೇಳಿ ಪಡೆಯಬಹುದು. ಆದರೆ ಕೋರ್ಟಿಗೆ ಹೋಗಿ ದಾರಿ ಗೆದ್ದವರು ನೆರೆಯನ್ನು ಕಳೆದುಕೊಳ್ಳುತ್ತಾರೆ. ಅದಕ್ಕಿಂತ, ವಿನ್ಯಾಸ ನಕ್ಷೆಗೆ ಮಂಜೂರಿ ಕೊಡುವಾಗಲೇ ರಸ್ತೆಯ ಕೊನೆಯಲ್ಲಿ ಆರು ಅಡಿ ಬಿಡಿಸಿಕೊಳ್ಳುವುದು ಲೇಸು. ಕಾರು ಬೇಡ, ಸೈಕಲ್ಲು, ಮೀನುಬುಟ್ಟಿ, ಶಾಲೆಯ ಚೀಲ ಹಾಯುವಷ್ಟು ಸಾಕು. ಜರ್ಮನಿ, ಡೆನ್ಮಾರ್ಕಿನ ಊರುಗಳಲ್ಲಿ ಕಾರಿಗೆ ಕುರುಡಾದ ಬೀದಿಯ ತುದಿಯಿಂದಲೂ ಕಾಲ್ನಡಿಗೆಯವರಿಗೆ ದಾರಿ ಮುಂದುವರಿಯುತ್ತದೆ. ನಮ್ಮ ದಣಪೆ ಮಾಡುತ್ತಿದ್ದುದೂ ಅದನ್ನೇ.

ಕೋಡಿಬಾಗದಲ್ಲಿ ಇನ್ನೂ ಮಾರದ ತೋಟಗಳಿವೆ, ಗೋಡೆ ಏಳದ ಗಡಿಗಳಿವೆ. ಆ ಆರಡಿಯನ್ನು ನಗರಸಭೆ ಕೇಳಬೇಕಾದದ್ದು ಅಲ್ಲಿ, ಈ ವರ್ಷವೇ.