ರೋಗದ ಫೋಟೋ ಹೀಗೆ ತೆಗೆಯಿರಿ

ಅಡಿಕೆ ಸೋಗೆಯಲ್ಲಿ ಚುಕ್ಕೆ ಕಂಡ ಕೂಡಲೇ ಮೊಬೈಲಿನಲ್ಲಿ ಫೋಟೋ ತೆಗೆದು ವಿಜ್ಞಾನಿಗಳಿಗೆ ಕಳಿಸುವುದು ಈಗ ವಾಡಿಕೆ. ಆದರೆ ಮಸುಕು ಫೋಟೋ ನೋಡಿ ಎಲೆಚುಕ್ಕಿಯೋ, ಪೊಟ್ಯಾಷ್ ಕೊರತೆಯೋ, ಬಿಸಿಲಿಗೆ ಸುಟ್ಟದ್ದೋ ಹೇಳಲು ಅವರಿಂದಲೂ ಆಗದು. ತಪ್ಪು ಔಷಧಿ ಹೊಡೆದರೆ ದುಡ್ಡೂ ಹೋಯಿತು, ಹೊಡೆಯುವ ಹೊತ್ತೂ ಮೀರಿತು.

ತೋಟದೊಳಗೆ ದೊಡ್ಡ ಕಿರಿಕಿರಿ ಬೆಳಕಿನದು. ಸೋಗೆಗಳ ಎಡೆಯಿಂದ ಬೀಳುವ ಬಿಸಿಲಿನ ತುಣುಕುಗಳೇ ಫೋಟೋದಲ್ಲಿ ರೋಗದ ಚುಕ್ಕೆಯಂತೆ ಕಾಣುತ್ತವೆ! ಕೊಡೆ ಹಿಡಿದು ಎಲೆಯಿಡೀ ನೆರಳು ಮಾಡಿಕೊಳ್ಳಿ. ಕಪ್ಪು ಕೊಡೆಯೇ ಒಳ್ಳೆಯದು. ಬಣ್ಣದ್ದಾದರೆ ಎಲೆಗೂ ಅದೇ ಬಣ್ಣ. ಫ್ಲ್ಯಾಷ್ ಬೇಡವೇ ಬೇಡ, ಒದ್ದೆ ಎಲೆ ಹೊಳೆದು ಚುಕ್ಕೆ ಮಾಯ.

ಎತ್ತರದ ಮರವಾದರೆ ದೋಟಿಯಲ್ಲಿ ಒಂದು ಸೋಗೆ ಇಳಿಸಿ, ಬಾಡುವ ಮೊದಲೇ ತೆಗೆಯಿರಿ. ಮೊಬೈಲನ್ನು ಎಲೆಗೆ ತಾಗಿಸುವಷ್ಟು ಹತ್ತಿರ ಒಯ್ಯಬೇಡಿ. ಅರ್ಧ ಅಡಿ ದೂರವಿಟ್ಟು, ಸ್ಕ್ರೀನಿನಲ್ಲಿ ಚುಕ್ಕೆಯನ್ನೇ ಬೆರಳಿಂದ ಒತ್ತಿ, ಫೋಕಸ್ ಕೂತ ಮೇಲೆ ಕ್ಲಿಕ್ಕಿಸಿ. ಪಕ್ಕದಲ್ಲಿ 1 ರೂಪಾಯಿ ನಾಣ್ಯ ಇಟ್ಟರೆ ಗಾತ್ರ ತಿಳಿಯುತ್ತದೆ. ಪೂರ್ತಿ ಒಣಗಿದ ಭಾಗಕ್ಕಿಂತ ಹಸುರು-ಕಂದು ಸೇರುವ ಅಂಚು ಮುಖ್ಯ. ಎಲೆಯ ಅಡಿಭಾಗದ್ದೂ ಒಂದಿರಲಿ. ಇಡೀ ಮರದ್ದೂ ಬೇಕು. ತೊಂದರೆ ಕೆಳಗಿನ ಸೋಗೆಯಲ್ಲೋ, ಸುಳಿಯಲ್ಲೋ ಎಂಬುದರಲ್ಲೇ ಅರ್ಧ ಉತ್ತರ ಇದೆ.

ವಾಟ್ಸಾಪಿನಲ್ಲಿ ಸುಮ್ಮನೆ ಫೋಟೋ ಎಂದು ಕಳಿಸಿದರೆ ಸೂಕ್ಷ್ಮ ವಿವರ ಕರಗುವುದುಂಟು. 'ಡಾಕ್ಯುಮೆಂಟ್' ಆಗಿ ಕಳಿಸಿ. ಜತೆಗೆ ಮರದ ಪ್ರಾಯ, ಕಳೆದ ಸಲ ಏನು, ಯಾವಾಗ ಸಿಂಪಡಿಸಿದ್ದು ಎಂದೂ ಬರೆಯಿರಿ.