ವಿಮಾನದ ಭಾರವು ಎಲ್ಲಿ ನಿಲ್ಲಬೇಕು?

ಗುಡ್ಡಾಪುರದ ಸುತ್ತಲಿನ ಹೊಲಗಳಿಂದ ಜೋಳದ ಕಣಿಕೆಯನ್ನು ಹೇರಿಕೊಂಡು ಬರುವ ಚಕ್ಕಡಿಯನ್ನು ಮಕ್ಕಳಾದ ನೀವು ನೋಡಿಯೇ ಇರುವಿರಿ. ಭಾರವೆಲ್ಲ ಮುಂದಕ್ಕೆ ಬಂದರೆ ನೊಗವು ಎತ್ತುಗಳ ಹೆಗಲನ್ನು ಒತ್ತುವದು. ಹಿಂದಕ್ಕೆ ಸರಿದರೆ ನೊಗವು ಮೇಲಕ್ಕೆದ್ದು ಅವುಗಳ ಕೊರಳ ಹಗ್ಗವು ಬಿಗಿಯುವದು. ಕಣಿಕೆಯು ಅಷ್ಟೇ, ಚಕ್ಕಡಿಯೂ ಅದೇ. ಭಾರವು ನಿಂತ ಸ್ಥಳ ಮಾತ್ರ ಬೇರೆ. ಅನುಭವಿಯಾದ ರೈತನು ಇದನ್ನರಿತು, ಭಾರವು ಅಚ್ಚಿನಿಂದ ತುಸುವೇ ಮುಂದೆ ಬೀಳುವಂತೆ ಹೇರುವನು.

ಇದೇ ನಿಯಮವು ಆಕಾಶದಲ್ಲಿಯೂ ಸಲ್ಲುವದು. ಇಂದು ಶಾಲೆಯ ಹುಡುಗರೂ ಥರ್ಮೋಕೋಲ್ ಅಥವಾ ಫೋಮ್ ಹಾಳೆಯನ್ನು ಕತ್ತರಿಸಿ, ಸಣ್ಣ ಮೋಟಾರನ್ನೂ ಬ್ಯಾಟರಿಯನ್ನೂ ಕೂಡಿಸಿ, ರೇಡಿಯೋ ನಿಯಂತ್ರಣದ ವಿಮಾನವನ್ನು ಮನೆಯಲ್ಲಿಯೇ ಕಟ್ಟಬಲ್ಲರು. ಆದರೆ ಎಷ್ಟೋ ವಿಮಾನಗಳು ಮೊದಲ ಹಾರಾಟದಲ್ಲಿಯೇ ಮೂಗೆತ್ತಿ, ತೊನೆದು, ನೆಲಕ್ಕಪ್ಪಳಿಸುವವು. ಆಗ ಹುಡುಗನು “ಇದು ನನ್ನಿಂದಾಗದ ಕೆಲಸ” ಎಂದು ಎದೆಗುಂದುವನು. ತಂದೆಯು “ಹಣ ಹಾಳಾಯಿತು” ಎನ್ನುವನು. ಬಹುಶಃ ತಪ್ಪು ಹುಡುಗನ ಕೈಯಲ್ಲಿರಲಿಲ್ಲ, ಗುರುತ್ವಕೇಂದ್ರದಲ್ಲಿತ್ತು. ಅದನ್ನು ಹಾರಿಸುವ ಮೊದಲೇ ಅಳೆದು ತಿದ್ದಬಹುದಾಗಿತ್ತು.

ಗುರುತ್ವಕೇಂದ್ರವೆಂದರೇನು? ಒಂದು ವಸ್ತುವಿನ ಭಾರವೆಲ್ಲ ಯಾವ ಬಿಂದುವಿನಲ್ಲಿ ಕೂಡಿದಂತೆ ವರ್ತಿಸುವದೋ ಅದೇ ಗುರುತ್ವಕೇಂದ್ರ. ವಿಮಾನದಲ್ಲಿ ಇನ್ನೊಂದು ಬಿಂದುವೂ ಉಂಟು. ಗಾಳಿಯ ಹೊಡೆತದಿಂದ ಮೂಗು ಮೇಲೆದ್ದಾಗ ರೆಕ್ಕೆ ಬಾಲಗಳ ಎತ್ತುವ ಬಲವು ಹೆಚ್ಚುವದಷ್ಟೆ? ಆ ಹೆಚ್ಚಳವು ನೆಲೆಗೊಳ್ಳುವ ಬಿಂದುವಿಗೆ ತಟಸ್ಥ ಬಿಂದುವೆನ್ನುವರು. ಗುರುತ್ವಕೇಂದ್ರವು ಇದರ ಮುಂದಿದ್ದರೆ ಹೆಚ್ಚಿದ ಬಲವು ಮೂಗನ್ನು ಕೆಳಗಿಳಿಸಿ ವಿಮಾನವನ್ನು ಸರಿದಾರಿಗೆ ತರುವದು. ಹಿಂದಿದ್ದರೆ ಅದೇ ಬಲವು ಮೂಗನ್ನು ಮತ್ತಷ್ಟು ಎತ್ತುವದು. ರೆಕ್ಕೆಯ ಮೇಲ್ಮೈಗೆ ಅಂಟಿ ಹರಿಯುತ್ತಿದ್ದ ಗಾಳಿಯು ಬಿಟ್ಟುಹೋಗಿ ವಿಮಾನವು ಬೀಳುವದು. ಭಾರವು ಅತಿಯಾಗಿ ಮುಂದಾದರೂ ದೋಷವೇ: ವಿಮಾನವು ಮೂಗುಬಗ್ಗಿಸಿ, ಚುಕ್ಕಾಣಿಯ ಮಾತು ಕೇಳಲು ತಡಮಾಡುವದು. ಆದರೂ ಹಿಂಭಾರಕ್ಕಿಂತ ಇದರ ಅಪಾಯ ಕಡಿಮೆ.

ದೊಡ್ಡವರೂ ಈ ಪಾಠವನ್ನು ಕಷ್ಟಪಟ್ಟೇ ಕಲಿತರು. 1903ರಲ್ಲಿ ಮೊದಲು ಹಾರಿದ ರೈಟ್ ಸಹೋದರರು 1904ರಲ್ಲಿ ಕಟ್ಟಿದ ವಿಮಾನವು ಏರಿಳಿದು ತೊನೆದಾಡುತ್ತಿತ್ತು. ಅವರು ಭಾರವನ್ನು ಹಿಂದಕ್ಕೆ ಸರಿಸಿದರು, ತೊಂದರೆ ಹೆಚ್ಚಿತು. ಬಳಿಕ ಮುಂಭಾಗದಲ್ಲಿ ಕಬ್ಬಿಣದ ಭಾರವನ್ನಿಟ್ಟರು, ಹತೋಟಿ ಸುಧಾರಿಸಿತು.

ಇನ್ನು ಕ್ರಮವನ್ನು ಕೇಳಿರಿ. ಹಾರುವಾಗ ಇರಬೇಕಾದ ಮೋಟಾರು, ಪಂಖ, ಬ್ಯಾಟರಿ ಮುಂತಾದುವೆಲ್ಲವನ್ನೂ ಅವುಗಳ ಸ್ಥಳದಲ್ಲಿಡಿರಿ. ಬ್ಯಾಟರಿಯ ತಂತಿಯನ್ನು ಮಾತ್ರ ಜೋಡಿಸಬೇಡಿರಿ. ಅಕಸ್ಮಾತ್ ತಿರುಗಿದ ಪಂಖವು ಬೆರಳನ್ನು ಕತ್ತರಿಸಬಲ್ಲದು. ರೆಕ್ಕೆಯು ನೇರವಾಗಿದ್ದು ಹಿಂದೆ ಬಾಲವಿರುವ ವಿಮಾನದಲ್ಲಿ, ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲುಭಾಗಕ್ಕೂ ಮೂರನೆಯ ಒಂದು ಭಾಗಕ್ಕೂ ನಡುವೆ ಗುರುತ್ವಕೇಂದ್ರವಿರಬೇಕು. ಅಗಲ 20 ಸೆಂ.ಮೀ. ಇದ್ದರೆ 5ರಿಂದ 6.5 ಸೆಂ.ಮೀ. ಒಳಗೆ ಎಂದಾಯಿತು. ಬಾಲವಿಲ್ಲದ ಅಥವಾ ರೆಕ್ಕೆಯನ್ನು ಹಿಂದಕ್ಕೆ ಬಾಗಿಸಿದ ವಿಮಾನಗಳಿಗೆ ಈ ಅಳತೆ ಸಲ್ಲದು. ಎರಡೂ ರೆಕ್ಕೆಗಳ ಕೆಳಗೆ, ಒಡಲಿನ ಹತ್ತಿರ, ಗುರುತು ಹಾಕಿ ಬೆರಳ ತುದಿಗಳಿಂದ ಎತ್ತಿರಿ. ವಿಮಾನವು ಸಮವಾಗಿ, ಇಲ್ಲವೆ ಮೂಗು ತುಸು ತಗ್ಗಿ ನಿಂತರೆ ಸರಿ. ಬಾಲವು ಕೆಳಗೆ ಬಿದ್ದರೆ ಹಾರಿಸಲೇಬೇಡಿರಿ.

ತಿದ್ದುವ ಲೆಕ್ಕವು ತಕ್ಕಡಿಯ ಲೆಕ್ಕದಂತೆಯೇ ಸುಲಭ. 600 ಗ್ರಾಂ ತೂಕದ ವಿಮಾನವು 6 ಸೆಂ.ಮೀ. ಬದಲು 7 ಸೆಂ.ಮೀ. ಗುರುತಿನಲ್ಲಿ ಸಮತೂಗಿತೆನ್ನಿರಿ. ಕೊರತೆಯು 600ನ್ನು 1ರಿಂದ ಗುಣಿಸಿದಷ್ಟು, ಅಂದರೆ 600. ಬ್ಯಾಟರಿಯು 100 ಗ್ರಾಂ ಇದ್ದರೆ ಅದನ್ನು 6 ಸೆಂ.ಮೀ. ಮುಂದಕ್ಕೆ ಸರಿಸಿದರಾಯಿತು. ಸ್ಥಳವಿಲ್ಲದಿದ್ದರೆ, ಬೇಕಾದ ಬಿಂದುವಿನಿಂದ 24 ಸೆಂ.ಮೀ. ಮುಂದಿರುವ ಮೂಗಿನಲ್ಲಿ 25 ಗ್ರಾಂ ಭಾರವನ್ನು ಭದ್ರವಾಗಿ ಅಂಟಿಸಬೇಕಾದೀತು. ಆದುದರಿಂದ ಮೊದಲು ಇದ್ದ ಭಾರವನ್ನು ಸರಿಸಿರಿ. ಸಾಲದಿದ್ದರೆ ಮಾತ್ರ ಹೊಸದನ್ನು ಸೇರಿಸಿರಿ. ಬಾಲದಲ್ಲಿ ಅಂಟನ್ನು ಮಿತವಾಗಿ ಬಳಸಿರಿ. ಅದು ಆ ಬಿಂದುವಿನಿಂದ 48 ಸೆಂ.ಮೀ. ಹಿಂದಿದ್ದರೆ, ಅಲ್ಲಿಯ 10 ಗ್ರಾಂ ಅಂಟಿಗೆ ಮೂಗಿನಲ್ಲಿ 20 ಗ್ರಾಂ ತೆರಬೇಕಾಗುವದು.

ಕೊನೆಗೆ, ಗಾಳಿಯಿಲ್ಲದ ಮುಂಜಾನೆ, ಸುಗ್ಗಿ ಮುಗಿದ ಬಯಲಿನಲ್ಲಿ, ಮೋಟಾರು ನಡೆಸದೆ ಮೆಲ್ಲಗೆ ತೇಲಿಬಿಟ್ಟು ನೋಡಿರಿ. ನೇರವಾಗಿ ಇಳಿದರೆ ಒಳಿತು. ಮೂಗೆತ್ತಿ ತಟ್ಟನೆ ಕುಸಿದರೆ ಭಾರವನ್ನು ಇನ್ನೂ ಮುಂದಕ್ಕೆ ತನ್ನಿರಿ. ಛಟ್ಟಿ ಅಮವಾಸ್ಯೆಯ ಜಾತ್ರೆಯಂಥ ಜನಸಂದಣಿಯ ಮೇಲೆ ಎಂದಿಗೂ ಹಾರಿಸಕೂಡದು. ಹಗುರವಾದ ಫೋಮ್ ಆದರೂ ತಿರುಗುವ ಪಂಖದೊಡನೆ ತಲೆಯ ಮೇಲೆ ಬಿದ್ದರೆ ಆಟವು ಅನರ್ಥವಾದೀತು.

ಪಾಲಕರಲ್ಲಿ ಒಂದು ವಿನಂತಿ. ನಮ್ಮ ನೆರೆಯ ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಅಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರಚಿತವಾದ ಎಚ್.ಟಿ.-2 ತರಬೇತಿ ವಿಮಾನವು 1951ರಲ್ಲಿ ಮೊದಲು ಹಾರಿತು. ಅಂಥ ವಿಮಾನಕ್ಕೂ ಮಗನ ಫೋಮ್ ವಿಮಾನಕ್ಕೂ ಸಮತೋಲದ ನಿಯಮ ಒಂದೇ. ಆದುದರಿಂದ ಮಗನೋ ಮಗಳೋ ಮುರಿದ ರೆಕ್ಕೆಯನ್ನು ಹಿಡಿದು ಮನೆಗೆ ಬಂದರೆ ಗದರಿಸದೆ, “ಭಾರವು ಎಲ್ಲಿ ನಿಂತಿತ್ತು, ಅಳೆದು ನೋಡಿದೆಯಾ?” ಎಂದು ಕೇಳಿರಿ. ಆ ಪ್ರಶ್ನೆಯಿಂದಲೇ ಮುಂದಿನ ವಿಮಾನವು ಹಾರುವದು.